ಭಾರ ಎಲ್ಲಿಗೆ ಹೋಗ್ತೈತೆ ಹೇಳಪ್ಪಾ

ಅವರನ್ನು ಹೊರಲು ಆರು ಜನರನ್ನು ಹೊಂದಿಸುವ ಕೆಲಸ ನನ್ನ ತಲೆಗೆ ಬಂತು. ಐರ್ಲೆಂಡಿನ ಕಾರ್ಕ್ ಊರಿನಲ್ಲಿ ಕನ್ನಡದವರಿಗೆ ಈಗ ಬರವಿಲ್ಲ. ಬೆಳಿಗ್ಗೆ ಹಾಲಿಹಿಲ್ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಮಂಡ್ಯ, ಹಿಂದಿನ ಸೀಟಿನಲ್ಲಿ ದಾವಣಗೆರೆ ಮಾತಾಡುತ್ತಿರುತ್ತವೆ. ತೊಂದರೆ ಇದ್ದದ್ದು ಬೇರೆ ಕಡೆ. ಅಷ್ಟು ಜನರಲ್ಲಿ ಅವರ ಮೇಲೆ ಸಿಟ್ಟಿಲ್ಲದವರು ಯಾರೆಂದು ಹುಡುಕಿದರೆ, ಮೊನ್ನೆ ಮೊನ್ನೆ ವಿಮಾನ ಇಳಿದ ವಿದ್ಯಾರ್ಥಿಗಳನ್ನು ಬಿಟ್ಟು ಒಬ್ಬರೂ ನೆನಪಾಗಲಿಲ್ಲ. ಸಿಟ್ಟಿದ್ದವರ ಸಾಲಿನಲ್ಲಿ ನನ್ನನ್ನೂ ಸೇರಿಸಿಕೊಳ್ಳಬಹುದು. ಅವರು ತೀರಿಕೊಂಡ ವಾರವೂ ನನಗೆ ಅವರೊಡನೆ ಒಂದು ಜಗಳ ಬಾಕಿ ಇತ್ತು; ಅದನ್ನು ಮುಗಿಸಲು ಅವಕಾಶ ಕೊಡದೆ ಹೊರಟುಹೋದದ್ದು ಇನ್ನೊಂದು ಸಿಟ್ಟು.

ಗಾಡಿ ಇತ್ತು. ಈ ದೇಶದಲ್ಲಿ ಶವಸಂಸ್ಕಾರದ ಏರ್ಪಾಡು ನೋಡಿಕೊಳ್ಳುವ ಅಂಡರ್‌ಟೇಕರ್‌ಗಳು ಚಕ್ರದ ಗಾಡಿಯೊಂದನ್ನು ಇಟ್ಟುಕೊಂಡಿರುತ್ತಾರೆ, ಶವದ ಪೆಟ್ಟಿಗೆಯನ್ನು ಅದರ ಮೇಲಿಟ್ಟು ಸದ್ದಿಲ್ಲದೆ ಒಳಗೆ ತಳ್ಳುತ್ತಾರೆ. ಸಲೀಸಾದ ವ್ಯವಸ್ಥೆ. ಆದರೆ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಒಪ್ಪಲಿಲ್ಲ.

"ಗಾಡಿ ಬ್ಯಾಡಪ್ಪ. ಸೂಪರ್‌ಮಾರ್ಕೆಟ್‌ನಾಗೆ ತಳ್ಕೊಂಡು ಹೋದಂಗೆ ಆಗ್ತೈತೆ. ಹೆಗಲ ಮೇಲೆ ಹೋಗ್ಲಿ. ಇದೊಂದು ಮಾಡ್ಕೊಡು ನೀನು," ಎಂದರು. ಮತ್ತೆ ಸೇರಿಸಿದರು: "ಎತ್ತರ ನೋಡಿ ನಿಲ್ಸು. ಇಲ್ಲಾಂದ್ರೆ ಒಳಗಿಂದ್ಲೇ ಎದ್ದು ಹೇಳ್ತಾರೆ."

ಎತ್ತರ ನೋಡಿ ನಿಲ್ಲಿಸುವುದು ಎಂದರೇನು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಮನುಷ್ಯ ಎಂಥವರು ಎಂಬುದು ಗೊತ್ತಾಗಲಿ. ಇಲ್ಲದಿದ್ದರೆ ಊರಿಗೆ ಊರೇ ಏಕೆ ಮುನಿಸಿಕೊಂಡಿತ್ತು ಎಂಬುದು ತಿಳಿಯುವುದಿಲ್ಲ, ತಪ್ಪು ಊರಿನದು ಎಂಬ ಅಭಿಪ್ರಾಯ ಬಂದುಬಿಡುತ್ತದೆ.

ಕಾರ್ಕ್ ಪಕ್ಕದ ಲಿಟಲ್ ಐಲ್ಯಾಂಡ್‌ನ ಒಂದು ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ನಾವಿಬ್ಬರೂ ಎದುರುಬದುರು ಕೂತು ಕೆಲಸ ಮಾಡಿದೆವು. ಅವರು ಚಿತ್ರದುರ್ಗದ ಕಡೆಯವರು, ನಾನು ಮೈಸೂರಿನವನು. ಒಂದೇ ಕಚೇರಿಯಲ್ಲಿ ಕನ್ನಡದವರು ಇಬ್ಬರಿರುವುದು ಭಾಗ್ಯವೆಂದು ಮೊದಲ ವಾರ ನಾನೂ ನಂಬಿದ್ದೆ. ಎರಡನೆಯ ವಾರ ನನ್ನ ಮೊದಲ ನಕ್ಷೆಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಛಾವಣಿಯ ಒಂದು ಮೂಲೆಗೆ ಪೆನ್ಸಿಲ್ ತುದಿ ಮುಟ್ಟಿಸಿದರು.

"ಇಲ್ಲಿ ಒಬ್ಬ ನಿಂತ ಅಂತ ಇಟ್ಕೋ. ಅವನ ಭಾರ ಎಲ್ಲಿಗೆ ಹೋಗ್ತೈತೆ ಹೇಳಪ್ಪಾ."

"ತೊಲೆಗೆ ಹೋಗುತ್ತೆ ಸಾರ್."

"ಆಮೇಲೆ?"

"ಕಂಬಕ್ಕೆ."

"ಆಮೇಲೆ?"

"ಅಡಿಪಾಯಕ್ಕೆ ಸಾರ್."

"ಆಮೇಲೆ?"

"ಮಣ್ಣಿಗೆ."

"ಮಣ್ಣು ಏನಂತೈತೆ? ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಿಕೊಂಡು ಬಾ ಎಂದು ನಕ್ಷೆಯನ್ನು ಹಿಂದಕ್ಕೆ ಕೊಟ್ಟರು. ಅವರು ನಿವೃತ್ತರಾಗುವವರೆಗೂ ಈ ಪ್ರಶ್ನೋತ್ತರ ನಿಲ್ಲಲಿಲ್ಲ. ಪ್ರಶ್ನೆ ಒಂದೇ, ಕೇಳುವ ಧ್ವನಿ ಒಂದೇ, ನನ್ನ ಹಲ್ಲು ಕಚ್ಚುವಿಕೆಯೂ ಒಂದೇ.

ಕಟ್ಟಡದ ಮೇಲೆ ಬೀಳುವ ಭಾರಗಳು ಹಲವು ಬಗೆ. ಕಟ್ಟಡಕ್ಕೆ ತನ್ನದೇ ತೂಕವಿರುತ್ತದೆ. ಅದು ಹುಟ್ಟಿದಂದಿನಿಂದ ಬೀಳುವ ದಿನದವರೆಗೆ ಕದಲದೆ ಇರುವಂಥದು, ಅದನ್ನು ಡೆಡ್ ಲೋಡ್ ಎನ್ನುತ್ತಿದ್ದೆವು. ಒಳಗೆ ಬಂದು ಹೋಗುವ ಜನ, ಅವರ ಕುರ್ಚಿ, ಬೀರು, ಅಕ್ಕಿ ಮೂಟೆ, ಇವು ಲೈವ್ ಲೋಡ್. ಹೊರಗಿನಿಂದ ಗಾಳಿ ನೂಕುತ್ತದೆ, ಅಪರೂಪಕ್ಕೆ ಹಿಮ ಕೂರುತ್ತದೆ, ಎಂದೋ ಒಮ್ಮೆ ಯಾವನೋ ಪುಣ್ಯಾತ್ಮ ವ್ಯಾನು ತಂದು ಗುದ್ದುತ್ತಾನೆ. ಈಗಿನ ಯುರೋಪಿನ ನಿಯಮಗಳಲ್ಲಿ ಇವಕ್ಕೆಲ್ಲ ಲೋಡ್ ಎನ್ನದೆ ಆಕ್ಷನ್ ಎನ್ನಬೇಕು. ಕಚೇರಿಯ ಹುಡುಗರು ಹಾಗೆಯೇ ಅನ್ನುತ್ತಿದ್ದರು. ಇವರು ಮಾತ್ರ ಕೊನೆಯವರೆಗೂ ಅನ್ನಲಿಲ್ಲ. "ಸುಮ್ನೆ ಬಿದ್ಕೊಂಡಿರೋ ಕಾಂಕ್ರೀಟು, ಅದೇನಪ್ಪ ಆಕ್ಷನ್ ಮಾಡ್ತೈತೆ?" ಎಂಬುದು ಅವರ ವಾದ.

ಇಂಥ ವೃತ್ತಿಯವರು ನಿವೃತ್ತಿಯ ಹೊತ್ತಿಗೆ ಸ್ವಲ್ಪ ತತ್ತ್ವಜ್ಞಾನಿಗಳಾಗುವುದು ವಾಡಿಕೆ. ಸಂಸಾರವೂ ಒಂದು ಭಾರ, ಸಾಲವೂ ಒಂದು ಭಾರ, ಎಲ್ಲ ಭಾರವೂ ಅವನ ಪಾದಕ್ಕೆ ಎಂದು ಹೇಳಿದರೆ ಸಭೆಯಲ್ಲಿ ನಾಲ್ಕು ಜನ ತಲೆದೂಗುತ್ತಾರೆ. ಇವರಿಂದ ಆ ಸುಖವೂ ನಮಗೆ ಸಿಗಲಿಲ್ಲ. ಒಮ್ಮೆ ನಮ್ಮ ಕನ್ನಡ ಬಳಗದ ಯುಗಾದಿ ಊಟದಲ್ಲಿ ಯಾರೋ ಹಿರಿಯರು ಗೌರವದಿಂದಲೇ ಕೇಳಿದರು: "ಏನೇ ಅನ್ನಿ ಸಾರ್, ಮನಸ್ಸಿನ ಭಾರದ ಮುಂದೆ ಕಟ್ಟಡದ ಭಾರ ಯಾವ ಲೆಕ್ಕ, ಅಲ್ವಾ?"

ಇವರು ಒಬ್ಬಟ್ಟು ಅಗಿಯುವುದನ್ನು ನಿಲ್ಲಿಸಿ ಕೇಳಿದರು: "ಅದರ ಯೂನಿಟ್ ಏನು?"

ಆ ಹಿರಿಯರು ಮತ್ತೆ ಇವರ ಪಂಕ್ತಿಯಲ್ಲಿ ಕೂರಲಿಲ್ಲ.

ಮನೆಗಳಿಗೆ ಕರೆಯುವುದಂತೂ ಇನ್ನೂ ಕಷ್ಟ. ಇವರಿಗೊಂದು ಅಭ್ಯಾಸವಿತ್ತು. ಯಾವುದೇ ಮನೆಯ ಮಹಡಿಗೆ ಹೋದರೂ ಕೋಣೆಯ ನಟ್ಟನಡುವೆ ನಿಂತು, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಒಂದು ಕ್ಷಣ ನಿಂತು, ಧೊಪ್ಪನೆ ಹಿಮ್ಮಡಿ ಬಿಡುತ್ತಿದ್ದರು. ನೆಲ ಎಷ್ಟು ಹೊತ್ತು ನಡುಗುತ್ತದೆ ಎಂದು ನೋಡುವ ಪರೀಕ್ಷೆಯಂತೆ. ವೃತ್ತಿಯಲ್ಲಿ ಅದಕ್ಕೆ ಮಾನ್ಯತೆ ಇದೆ, ಗೃಹಪ್ರವೇಶದಲ್ಲಿ ಇಲ್ಲ. ಸತ್ಯನಾರಾಯಣ ಪೂಜೆಯ ಕಲಶ ಅಲುಗಿ ತೆಂಗಿನಕಾಯಿ ಒಂದು ಕಡೆ ವಾಲಿದ್ದನ್ನು ನಾನೇ ಕಂಡಿದ್ದೇನೆ. ಮನೆಯೊಡತಿ ಗಾಬರಿಯಿಂದ, "ಏನಾಯ್ತು ಸಾರ್?" ಎಂದರೆ, "ಏನಿಲ್ಲಮ್ಮ, ಬೀಳಲ್ಲ," ಎಂದು ಆಶೀರ್ವಾದ ಮಾಡುವವರಂತೆ ಹೇಳುತ್ತಿದ್ದರು. ಅಲ್ಲಿಯವರೆಗೆ ಮನೆ ಬೀಳಬಹುದೆಂಬ ಯೋಚನೆ ಆ ಹೆಣ್ಣುಮಗಳ ತಲೆಯಲ್ಲಿ ಸುಳಿದೂ ಇರಲಿಲ್ಲ.

ಗಾಳಿ ಎದ್ದರೆ ಇನ್ನೊಂದು ಬಗೆ. ಐರ್ಲೆಂಡಿನಲ್ಲಿ ಬಿರುಗಾಳಿಗೆ ಹೆಸರಿಟ್ಟು ಕರೆಯುತ್ತಾರೆ. ಹೆಸರು ರೇಡಿಯೊದಲ್ಲಿ ಬಂದ ಕೂಡಲೇ ಇವರು ಮಕ್ಕಳಿರುವ ಮನೆಗಳಿಗೆಲ್ಲ ಮೆಸೇಜು ಕಳಿಸುತ್ತಿದ್ದರು: ಟ್ರ್ಯಾಂಪೊಲಿನ್ ಕಟ್ಟಿದ್ದೀರಾ? ಇಲ್ಲಿ ಪ್ರತಿ ಹಿತ್ತಲಲ್ಲೂ ಮಕ್ಕಳು ಕುಪ್ಪಳಿಸುವ ಆ ದುಂಡನೆಯ ಚೌಕಟ್ಟು ಇರುತ್ತದೆ; ಗಾಳಿ ಅಡಿಗೆ ಹೊಕ್ಕರೆ ಅದು ಎರಡು ಬೇಲಿ ದಾಟಿ ಮೂರನೆಯವರ ಕಾರಿನ ಮೇಲೆ ಕೂರುತ್ತದೆ. ಕಟ್ಟಿದ್ದೇವೆ ಎಂದು ಉತ್ತರ ಬರೆದರೆ ಸಾಲದು, ಹಗ್ಗದ ಫೋಟೊ ಕಳಿಸಬೇಕು. ಫೋಟೊ ನೋಡಿ ಗಂಟು ಸರಿಯಿಲ್ಲ ಎನ್ನುತ್ತಿದ್ದರು.

ಎತ್ತರದ ವಿಷಯಕ್ಕೆ ಬರುತ್ತೇನೆ. ಗ್ಲಾನ್‌ಮೈರ್‌ನಲ್ಲಿ ಅವರ ಪಕ್ಕದ ಮನೆಯ ಐರಿಷ್ ಮುದುಕ ತೀರಿಕೊಂಡಾಗ, ನೆರೆಯವರೆಂಬ ಗೌರವಕ್ಕೆ ಇವರನ್ನೂ ಹೆಗಲು ಕೊಡಲು ಕರೆದರು. ಇಲ್ಲಿ ಅದು ದೊಡ್ಡ ಮರ್ಯಾದೆ. ಚರ್ಚಿನ ಬಾಗಿಲಲ್ಲಿ ಆರು ಜನ ಪೆಟ್ಟಿಗೆ ಎತ್ತಿದರು, ಪಾದ್ರಿ ಮುಂದೆ ಹೊರಟರು. ಆಗ ಇವರು, "ನಿಲ್ಸಿ," ಎಂದರು. ಕಾರ್ಕ್ ಕೌಂಟಿಯ ಚರಿತ್ರೆಯಲ್ಲಿ ಮೆರವಣಿಗೆ ನಿಲ್ಲಿಸಿದ ಮೊದಲ ಚಿತ್ರದುರ್ಗದವರು ಇವರೇ ಇರಬೇಕು. ಪೆಟ್ಟಿಗೆಯನ್ನು ಕೆಳಗಿಡಿಸಿ ಎಲ್ಲರಿಗೂ ವಿವರಿಸಿದರಂತೆ: ಪೆಟ್ಟಿಗೆ ಬಾಗುವುದಿಲ್ಲ, ಹೆಗಲುಗಳು ಮೇಲೆ ಕೆಳಗೆ ಇದ್ದರೆ ಅದು ಎತ್ತರದ ಇಬ್ಬರ ಮೇಲೆ ಕೂತುಬಿಡುತ್ತದೆ, ಉಳಿದವರು ಬರೀ ಕೈ ಎತ್ತಿಕೊಂಡು ನಡೆಯುತ್ತಾರೆ. ಗಿಡ್ಡನೆಯ ಜೋಡಿ ಕಾಲಿನ ಕಡೆ, ಉದ್ದನೆಯ ಜೋಡಿ ತಲೆಯ ಕಡೆ, ನಡುವಿನವರು ನಡುವೆ. ಹಾಗೆ ಇಳಿಜಾರಾಗಿ ನಿಂತರೆ ಮಾತ್ರ ಎಲ್ಲರಿಗೂ ತಾಗುತ್ತದೆ. ಪಾದ್ರಿ ಗಡಿಯಾರ ನೋಡಿಕೊಂಡರಂತೆ. ಮುದುಕನ ಹೆಂಡತಿ ಮಾತ್ರ, "ಗ್ರ್ಯಾಂಡ್, ಪರವಾಗಿಲ್ಲ, ಅವನು ಬದುಕಿದ್ದಾಗಲೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ," ಎಂದರಂತೆ. ಅಕ್ಕ ಇದನ್ನು ನನಗೆ ಹೇಳಿದ್ದು ಅವಮಾನದ ಕತೆಯಾಗಿ. "ಕಪ್ಪು ಸೀರೆ ಉಟ್ಕೊಂಡು ನಿಂತಿದ್ದೆ ಕಣಪ್ಪ. ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು. ಬಿಡ್ಲಿಲ್ಲ. ಅದನ್ನೂ ಚೆಕ್ ಮಾಡಿದ್ರೇನೋ."

ಇಷ್ಟಾದರೂ ಊರು ಅವರನ್ನು ಸಹಿಸಿಕೊಂಡಿತ್ತು. ಸಹನೆ ಮುರಿದದ್ದು ಎರಡು ವರ್ಷದ ಹಿಂದೆ, ರಾಜ್ಯೋತ್ಸವದಲ್ಲಿ.

ಆ ವರ್ಷ ಬಳಗದ ಕಾರ್ಯದರ್ಶಿ ನಾನು. ಎಲ್ಲೂ ಜಾಗ ಸಿಗದೆ ಕೊನೆಗೆ ಒಂದು ಹಳೆಯ ಸಮುದಾಯ ಭವನದ ಮಹಡಿ ಸಿಕ್ಕಿತು. ಮರದ ಹಲಗೆಯ ನೆಲ, ಎತ್ತರದ ಕಿಟಕಿ, ನೋಡಲು ಚೆಂದ. ಹಾಲಿಹಿಲ್‌ನಲ್ಲಿ ಕೆಲಸ ಮಾಡುವ ರಘು ಎಂಬ ಆರಡಿಗಿಂತ ಎತ್ತರದ ಹುಡುಗ ತನ್ನ ಗೆಳೆಯರನ್ನು ಕಟ್ಟಿಕೊಂಡು ಡೊಳ್ಳು ಕುಣಿತ ಕಲಿತಿದ್ದ. ಊರಿನಿಂದ ಡೊಳ್ಳು ತರಿಸಿದ್ದೇ ಒಂದು ಪುರಾಣ. ಅವನ ಹೆಂಡತಿ ವೀಣಾ ನೃತ್ಯ ಕಲಿಸುವವಳು, ಮಕ್ಕಳ ಕೋಲಾಟ ಅವಳದು. ಬೇಸಿಗೆಯಿಂದ ಪ್ರತಿ ಶನಿವಾರ ಅಭ್ಯಾಸ ನಡೆದಿತ್ತು. ಕೊನೆಯ ಅಭ್ಯಾಸದ ದಿನ ನಮ್ಮವರು ಕಾಫಿ ಕುಡಿಯಲು ಬಂದವರು ಹಾಲ್‌ನ ನಡುವೆ ನಿಂತರು. ಹಿಮ್ಮಡಿ ಎತ್ತಿದರು.

ಧೊಪ್.

ಅವರು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತು ಹೇಳಿದರು: "ಕೂತ್ಕೊಂಡ್ರೆ ಚಿಂತೆ ಇಲ್ಲ. ನಿಂತ್ಕೊಂಡ್ರೂ ಚಿಂತೆ ಇಲ್ಲ. ಕುಣಿಯೋದು ಬ್ಯಾಡ."

"ಸಾರ್, ಈ ಹಾಲ್‌ನಲ್ಲಿ ಐರಿಷ್‌ನೋರು ನಮ್ಮಜ್ಜನ ಕಾಲದಿಂದ ಕುಣೀತಿದಾರೆ," ಎಂದ ರಘು.

"ಕುಣಿದಿದ್ದು ಹೌದು. ಲೆಕ್ಕ ಹಾಕಿದ್ದು ಯಾರು?"

"ಬಿದ್ದಿಲ್ವಲ್ಲ ಸಾರ್."

"ಬೀಳೋವರೆಗೂ ಯಾವುದೂ ಬಿದ್ದಿರಲ್ಲಪ್ಪ. ನೋಡು, ಒಬ್ಬೊಬ್ರು ಒಂದೊಂದು ಥರ ಕುಣಿದ್ರೆ ಒಬ್ಬ ಎದ್ದಾಗ ಇನ್ನೊಬ್ಬ ಇಳೀತಾನೆ, ನೆಲಕ್ಕೆ ಗೊತ್ತೇ ಆಗಲ್ಲ. ಎಲ್ರೂ ಒಂದೇ ತಾಳಕ್ಕೆ ಕಾಲು ಹಾಕಿದ್ರೆ ನೆಲಾನೂ ನಿಮ್ ಜೊತೆ ಕುಣಿಯಾಕೆ ಶುರು ಮಾಡ್ತೈತೆ. ಅದು ನಿಲ್ಸಿದ್ರೂ ನಿಲ್ಲಲ್ಲ." ಬಳಿಕ, ತಾವು ದೊಡ್ಡ ಮನಸ್ಸು ಮಾಡಿ ರಿಯಾಯಿತಿ ಕೊಡುತ್ತಿರುವವರಂತೆ ವೀಣಾ ಕಡೆ ತಿರುಗಿದರು. "ಒಂದು ಕೆಲ್ಸ ಮಾಡಮ್ಮ. ಕುಣೀಲಿ. ತಾಳ ತಪ್ಪಿಸಿ ಕುಣೀಲಿ."

ವೀಣಾ ಕೈಯಲ್ಲಿದ್ದ ಕೋಲುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ತಾಳ ತಪ್ಪೋದನ್ನ ಕಲಿಸೋಕೆ ನನ್ನ ಗುರುಗಳು ನನಗೆ ವಿದ್ಯೆ ಕೊಟ್ಟಿಲ್ಲ ಸಾರ್," ಎಂದಳು. ಒಬ್ಬ ತಾಯಿ ಹಿಂದಿನಿಂದ, "ನಮ್ಮ ಮಕ್ಕಳಿಗೆ ಅದನ್ನ ಕಲಿಸಲೇ ಬೇಕಿಲ್ಲ ಬಿಡಿ," ಎಂದದ್ದು ಆ ಹೊತ್ತಿನಲ್ಲಿ ಯಾರಿಗೂ ನಗು ತರಿಸಲಿಲ್ಲ.

ನಾನು ಅವರನ್ನು ಮೆಟ್ಟಿಲ ಬಳಿಗೆ ಕರೆದೊಯ್ದು ಬೇಡಿಕೊಂಡೆ. ಸಾರ್, ಒಂದು ಸಂಜೆ. ಸಾರ್, ಮಕ್ಕಳು. ಅವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕೆಳಗಿಳಿದು ಹೋಗಿ, ಭವನ ನೋಡಿಕೊಳ್ಳುವ ಐರಿಷ್ ಮನುಷ್ಯನಿಗೆ ಎಲ್ಲವನ್ನೂ ಹೇಳಿಬಿಟ್ಟರು. ಅವನು ಅಲ್ಲಿಯವರೆಗೆ ಎಲ್ಲಕ್ಕೂ ಗ್ರ್ಯಾಂಡ್ ಎನ್ನುತ್ತಿದ್ದವನು; ಒಬ್ಬ ಎಂಜಿನಿಯರ್ ಬಾಯಲ್ಲಿ ಬೇಡ ಎಂಬ ಮಾತು ಕೇಳಿದ ಮೇಲೆ ಅವನಿಗೆ ವಿಮೆಯ ನೆನಪಾಯಿತು. ಕುಣಿತ ರದ್ದಾಯಿತು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಟೆಂಟು ಹಾಕೋಣವೆಂದರೆ, ಅದಕ್ಕೂ ಇವರೇ ಬಂದು ಗಾಳಿ ಯಾವ ಕಡೆಯಿಂದ ನುಗ್ಗುತ್ತದೆಂದು ತೋರಿಸಿದರು. ಕೊನೆಗೆ ಆ ವರ್ಷದ ರಾಜ್ಯೋತ್ಸವದಲ್ಲಿ ನಾಡಗೀತೆ, ಬಿಸಿಬೇಳೆಬಾತ್ ಮತ್ತು ಸಾಲುಸಾಲು ಭಾಷಣಗಳು ನಡೆದವು. ಭಾಷಣಕ್ಕೆ ನೆಲ ಅಲುಗುವುದಿಲ್ಲ. ಕೋಲಾಟದ ಲಂಗ ತೊಟ್ಟ ಮಕ್ಕಳು ಕುರ್ಚಿಗಳಲ್ಲಿ ಕೂತು ಭಾಷಣ ಕೇಳಿದವು. ಅವುಗಳ ಮುಖವನ್ನು ನಾನು ಇನ್ನೂ ಮರೆತಿಲ್ಲ.

ಮರು ವರ್ಷ ವೀಣಾ, ರಘು ಬೇರೆ ಬಳಗ ಕಟ್ಟಿದರು. ಒಂದೇ ಊರಿನಲ್ಲಿ ಎರಡು ರಾಜ್ಯೋತ್ಸವ ನಡೆಸುವಷ್ಟು ಕಾರ್ಕ್ ಬೆಳೆಯಿತು. ಆ ಭವನದ ಮಹಡಿ ಇಂದಿಗೂ ಹಾಗೇ ಇದೆ; ಅದರ ಮೇಲೆ ಯಾರ ಯಾರೋ ಕುಣಿಯುತ್ತಿದ್ದಾರೆಂದೂ ಕೇಳಿದ್ದೇನೆ. ಅವರು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ನಮ್ಮ ವೃತ್ತಿಯ ಕಷ್ಟ ಇದೇ. ವೈದ್ಯನಿಗೆ ರೋಗಿ ಎದ್ದು ಬಂದು ಕೈ ಮುಗಿಯುತ್ತಾನೆ. ಬೀಳದೆ ಉಳಿದ ಮಹಡಿ, ನೀನು ಹೇಳಿದ್ದರಿಂದ ಉಳಿದೆ ಎಂದು ಯಾರಿಗೂ ಹೇಳುವುದಿಲ್ಲ. ನನ್ನ ಬಾಕಿ ಜಗಳವೂ ಅದರದೇ. ಒಂದು ದಿನ ಕೂರಿಸಿಕೊಂಡು ಲೆಕ್ಕ ತೋರಿಸಿ ಸಾರ್ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಆಸ್ಪತ್ರೆ ಸೇರಿದರು, ವಾರದೊಳಗೆ ಹೋದರು.

ಈಗ ಆರು ಹೆಗಲು.

ಕಚೇರಿಯ ಡೊನಲ್ ಕೇಳಿದ ಕೂಡಲೇ ಒಪ್ಪಿದ. ಅವನು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್. ಇವರು ನಕ್ಷೆ ಹಿಂದಕ್ಕೆ ಕಳಿಸಿದಾಗಲೆಲ್ಲ ಇವರನ್ನು ಕುರಿತು ಅವನು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾಗದು. ಆದರೆ ಇಲ್ಲಿಯವರು ಹೆಗಲು ಕೇಳಿದರೆ ಇಲ್ಲವೆನ್ನುವುದಿಲ್ಲ. ಡೊನಲ್ ಆರಡಿ ಮೀರಿದವನು, ಎಂದರೆ ತಲೆಯ ಕಡೆಗೆ ಒಬ್ಬ. ಪಕ್ಕದ ಮನೆಯ ಮುದುಕನ ಅಣ್ಣನ ಮಗ ತಾನಾಗಿಯೇ ಬಂದ, ನನ್ನಷ್ಟೇ ಎತ್ತರ; ನಡುವಿನ ಜೋಡಿ ನಾವಿಬ್ಬರು. ನಾನು ಕೇಳದಿದ್ದರೂ ಹೇಳಿದ: "ಅವತ್ತು ಮೊದಲು ನನ್ನನ್ನು ಉದ್ದನೆಯವರ ನಡುವೆ ನಿಲ್ಲಿಸಿದ್ದರು. ಪೆಟ್ಟಿಗೆ ನನ್ನ ಹೆಗಲಿಗೆ ತಾಗುತ್ತಲೇ ಇರಲಿಲ್ಲ. ನಿಮ್ಮವರು ಜಾಗ ಬದಲಿಸಿದ ಮೇಲೆ ಚಿಕ್ಕಪ್ಪನ ತೂಕ ನನಗೂ ಸಿಕ್ಕಿತು." ಅಕ್ಕ ಅವಮಾನವೆಂದು ಹೇಳಿದ ಕತೆಗೆ ಇಂಥದೊಂದು ಹಿಂಬದಿ ಇರುವುದು ನನಗೆ ತಿಳಿದಿರಲಿಲ್ಲ.

ಸ್ವೋರ್ಡ್ಸ್‌ನಿಂದ ಅವರ ಮಗಳು ಬಂದಳು. ಅವಳು ಹುಟ್ಟಿ ಬೆಳೆದದ್ದು ಕಾರ್ಕ್‌ನಲ್ಲೇ, ಈಗ ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಕೆಲಸ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ಐ ಆಮ್ ಕ್ಯಾರಿಯಿಂಗ್ ಹಿಮ್, ಅಂಕಲ್, ಲೈಕ್," ಎಂದಳು, ಕಾರ್ಕ್‌ನವರ ಧಾಟಿಯಲ್ಲಿ. ಹೆಣ್ಣುಮಕ್ಕಳು ಹೊರುವುದುಂಟೇ ಎಂದು ಕೇಳಲು ನಾನು ಬಾಯಿ ತೆರೆದೆ. ಅಕ್ಕ ನನ್ನನ್ನು ನೋಡಿದರು. ಮುಚ್ಚಿದೆ. ಅವಳು ಅಕ್ಕನಂತೆ ಗಿಡ್ಡ. ಕಾಲಿನ ಕಡೆಗೆ ಒಬ್ಬಳಾದಳು, ಅವಳಿಗೊಂದು ಜೋಡಿ ಬೇಕು. ಡೊನಲ್‌ಗೆ ಒಂದು ಜೋಡಿ ಬೇಕು. ವಿದ್ಯಾರ್ಥಿಗಳು ಎಷ್ಟು ಬೇಕಾದರೂ ಬರುತ್ತೇವೆ ಎಂದರು. ಎಲ್ಲರೂ ನನ್ನ ಎತ್ತರದವರೇ. ಡೊನಲ್‌ನಷ್ಟು ಉದ್ದನೆಯ ಕನ್ನಡದವನು ಕಾರ್ಕ್‌ನಲ್ಲಿ ಒಬ್ಬನೇ ಇದ್ದ.

ಫೋನು ಮಾಡಿದೆ. ರಘು ಎತ್ತಿಕೊಂಡ. ವಿಷಯ ಗೊತ್ತಿತ್ತು. ನಾನು ಕೇಳಬೇಕಾದ್ದನ್ನು ಕೇಳಿದೆ.

"ಅಣ್ಣ, ನಾನು ಅವರ ಜೊತೆ ಎರಡು ವರ್ಷ ಮಾತಾಡಿಲ್ಲ."

"ಗೊತ್ತು."

"ಅವರು ಮಾತ್ರ ಮೆಸೇಜ್ ಮಾಡ್ತಾನೇ ಇದ್ರು. ಗಾಳಿ ಎದ್ದಾಗಲೆಲ್ಲ. ಟ್ರ್ಯಾಂಪೊಲಿನ್ ಕಟ್ಟಿದ್ದೀರಾ ಅಂತ. ಹೋದ ವಾರವೂ ಬಂದಿತ್ತು. ಆಸ್ಪತ್ರೇಲಿದ್ರು ಆವಾಗ, ಅಲ್ವಾ?"

"ಇದ್ರು."

"ನಾನು ಒಂದಕ್ಕೂ ಉತ್ತರ ಕೊಟ್ಟಿಲ್ಲ ಅಣ್ಣ."

"ಕಟ್ಟಿದ್ಯಾ?"

ಸಣ್ಣಗೆ, ಬೈದುಕೊಳ್ಳುವವನ ಧ್ವನಿಯಲ್ಲಿ ಹೇಳಿದ: "ಪ್ರತೀ ಸಲ ಕಟ್ಟಿದ್ದೆ. ಎಷ್ಟು ಹೊತ್ತಿಗೆ ಬರ್ಬೇಕು ಹೇಳಿ."

ಮರುದಿನ ಚಿತಾಗಾರದ ಬಾಗಿಲಲ್ಲಿ ಸಣ್ಣ ಮಳೆ. ರಘು ಕಪ್ಪು ಕೋಟು ಹಾಕಿಕೊಂಡು ಕಾರಿನಿಂದ ಇಳಿದ. ಇನ್ನೊಂದು ಬಾಗಿಲಿನಿಂದ ವೀಣಾ ಇಳಿದಳು. ನಾನು ಆರನೆಯವನಾಗಿ ಒಬ್ಬ ವಿದ್ಯಾರ್ಥಿಯನ್ನು ಬಗ್ಗಿ ನಡೆ ಎಂದು ಒಪ್ಪಿಸಿ ನಿಲ್ಲಿಸಿದ್ದೆ. ವೀಣಾ ಸಾಲನ್ನು ನೋಡಿದಳು, ಮಗಳ ಪಕ್ಕ ನಿಂತಿದ್ದ ಅವನನ್ನು ನೋಡಿದಳು, ನೇರ ಹೋಗಿ ಮಗಳ ಹೆಗಲಿಗೆ ತನ್ನ ಹೆಗಲು ಹಚ್ಚಿ ನಿಂತು ಎತ್ತರ ಅಳೆದಳು. ಒಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹುಡುಗ ಸಂತೋಷದಿಂದಲೇ ಜಾಗ ಬಿಟ್ಟ.

"ಎಲ್ಲರೂ ಎಡಗಾಲು ಮೊದಲು, ಒಟ್ಟಿಗೆ," ಎಂದ ಅಂಡರ್‌ಟೇಕರ್. "ಹೆಜ್ಜೆ ತಪ್ಪಿದರೆ ಪೆಟ್ಟಿಗೆ ತೂಗಾಡುತ್ತದೆ."

ಎತ್ತಿದೆವು. ಇಷ್ಟು ಸಣ್ಣ ಮನುಷ್ಯ ಇಷ್ಟು ತೂಕವೇ ಎಂದು ನನಗೆ ಸಿಟ್ಟೇ ಬಂತು. ಮೊದಲ ಹೆಜ್ಜೆಗಳು ಹಿಂದು ಮುಂದಾಗಿ ಪೆಟ್ಟಿಗೆ ಒಮ್ಮೆ ವಾಲಿತು. ಆಗ ಮುಂದಿನಿಂದ ವೀಣಾ, ಬಾಯಿ ಬಿಟ್ಟೂ ಬಿಡದ ಹಾಗೆ, ಬಿಡಿ ಬಿಡಿಯಾಗಿ ಹೇಳತೊಡಗಿದಳು: ತ, ಕ, ಧಿ, ಮಿ. ತ, ಕ, ಧಿ, ಮಿ. ಡೊನಲ್‌ಗೂ ಅದು ತಿಳಿಯಿತು. ಆರು ಜನರ ಕಾಲು ಒಂದಾಗಿ ಬೀಳಲಾರಂಭಿಸಿತು.

"ಅಣ್ಣ," ಎಂದು ಹಿಂದಿನಿಂದ ರಘು ಪಿಸುಗುಟ್ಟಿದ. "ಕೆಳಗೇನಿದೆ?"

"ಕಾಂಕ್ರೀಟು. ಅದರ ಕೆಳಗೆ ಮಣ್ಣು."

"ಹಾಗಾದ್ರೆ ಸರಿ."

ಒಳಗೆ ಇಳಿಸಿ, ಕೈ ಮುಗಿದು, ಎಲ್ಲ ಮುಗಿಸಿ ಹೊರಗೆ ಬಂದು ಮಾಡಿನ ಕೆಳಗೆ ನಿಂತೆವು. ಪೆಟ್ಟಿಗೆಯ ಅಂಚು ಕೂತಲ್ಲಿ ಒದ್ದೆಯಾದ ಕೋಟುಗಳ ಹೆಗಲಿನ ಮೇಲೆ ಒಂದು ಗೆರೆ ಬಿದ್ದಿತ್ತು. ಅಕ್ಕ ನಮ್ಮ ಸಾಲಿನ ಒಂದು ತುದಿಯಿಂದ ಶುರು ಮಾಡಿ, ಒಬ್ಬೊಬ್ಬರ ಮುಂದೆಯೂ ನಿಂತು, ಆ ಗೆರೆಯ ಮೇಲೆ ಬೆರಳಾಡಿಸಿ ನೋಡುತ್ತಾ ಬಂದರು. ಮಗಳು, ವೀಣಾ, ಪಕ್ಕದ ಮನೆಯವನು, ನಾನು. ಡೊನಲ್ ಮತ್ತು ರಘುವಿನ ಹೆಗಲಿಗೆ ಅಕ್ಕನ ಕೈ ಎಟುಕಲಿಲ್ಲ, ಇಬ್ಬರೂ ಬಗ್ಗಿದರು.

"ಹೂಂ," ಎಂದರು ಅಕ್ಕ. "ಎಲ್ರಿಗೂ ತಾಗೈತೆ."